ಹೊಸ ಆಲ್ಬಂ ಕೇಳುವ ಮೊದಲು ಮೆಟಾಕ್ರಿಟಿಕ್ ನೋಡಬೇಕಾ?

ಮೆಟಾಕ್ರಿಟಿಕ್ ಅಂದ್ರೆ ಪತ್ರಿಕೆಗಳ ವಿಮರ್ಶೆಗಳನ್ನೆಲ್ಲ ಒಟ್ಟುಮಾಡಿ ಒಂದು ಸರಾಸರಿ ಅಂಕ ತೋರಿಸುವ ಸೈಟ್. ಹೆಸರು ಕೇಳಿದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ಸಿನಿಮಾ, ಇಲ್ಲಾಂದ್ರೆ ವಿಡಿಯೋ ಗೇಮ್. ಅಲ್ಲೇ ಒಂದು ಮೂಲೆಯಲ್ಲಿ ಸಂಗೀತದ ವಿಭಾಗವೂ ಇದೆ. ಶುಕ್ರವಾರ ಬಂತು ಅಂದ್ರೆ ಹೊಸ ರಾಕ್, ಪಾಪ್ ಆಲ್ಬಂಗಳು ಬಿಡುಗಡೆಯಾಗುತ್ತವೆ, ಕೇಳೋ ಮೊದಲೇ ಅಲ್ಲಿಗೆ ಹೋಗಿ "ಎಷ್ಟು ಬಿತ್ತು" ಅಂತ ನೋಡುವ ಚಟ ನನ್ನಂಥವರಿಗೆ. ಪುಕ್ಕಟೆ ಸೇವೆ, 2001ರಿಂದ ನಡೆಯುತ್ತಿದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಮೇಲೆ ದಪ್ಪಕ್ಷರದಲ್ಲಿ ಕಾಣುವ ಅಂಕದಿಂದ ಅಂಥಾ ಉಪಯೋಗ ಇಲ್ಲ. ಅದರ ಕೆಳಗಿರುವ ಪಟ್ಟಿಗೋಸ್ಕರ ಹೋಗಬೇಕು.

ಅಂಕ ಹೇಗೆ ಹುಟ್ಟುತ್ತೆ ಅಂತ ಮೊದಲು ನೋಡೋಣ. ಅವರೇ ಆರಿಸಿಕೊಂಡ ಪತ್ರಿಕೆಗಳ ವಿಮರ್ಶೆಗಳನ್ನು ತೆಗೆದುಕೊಂಡು, ಪ್ರತಿಯೊಂದನ್ನೂ 100ರ ಲೆಕ್ಕಕ್ಕೆ ತಂದು, ಸರಾಸರಿ ಹಾಕುತ್ತಾರೆ. ಸಾದಾ ಸರಾಸರಿ ಅಲ್ಲ, ಕೆಲವರ ಮಾತಿಗೆ ಜಾಸ್ತಿ ತೂಕ. ಯಾರಿಗೆ ಎಷ್ಟು ತೂಕ ಅನ್ನೋದನ್ನು ಮಾತ್ರ ಬಾಯಿ ಬಿಡುವುದಿಲ್ಲ. ವಿಮರ್ಶಕ ಅಂಕವನ್ನೇ ಕೊಟ್ಟಿಲ್ಲ ಅಂದ್ರೆ, ಸಿಬ್ಬಂದಿಯೇ ಓದಿ ಅಂದಾಜಿಗೆ ಒಂದು ಅಂಕ ಹಾಕುತ್ತಾರೆ. ಪಾಪ, ಬರೆದವನು ಬೇಡ ಅಂತಲೇ ಬಿಟ್ಟದ್ದನ್ನು ಇವರು ಹುಡುಕಿ ಹಾಕೋದು!

ಇನ್ನೊಂದು ತಮಾಷೆ ನಕ್ಷತ್ರಗಳದ್ದು. ಗಾರ್ಡಿಯನ್ ಪತ್ರಿಕೆಯವರು ಐದಕ್ಕೆ ಮೂರು ನಕ್ಷತ್ರ ಕೊಟ್ಟರು ಅಂತಿಟ್ಟುಕೊಳ್ಳಿ. "ಪರವಾಗಿಲ್ಲ, ಕೇಳಬಹುದು" ಅನ್ನೋದು ಅದರ ಅರ್ಥ. ಇಲ್ಲಿ ಅದು 60 ಆಗುತ್ತೆ. 61ರಿಂದ ಹಸಿರು, 40ರಿಂದ 60ರವರೆಗೆ ಹಳದಿ, ಅದಕ್ಕಿಂತ ಕೆಳಗೆ ಕೆಂಪು. ಹಾಗಾಗಿ "ಪರವಾಗಿಲ್ಲ" ಅಂದ ವಿಮರ್ಶೆ ಹಳದಿ ಡಬ್ಬಿಗೆ ಬಿತ್ತು. ಇನ್ನೊಂದು ನಕ್ಷತ್ರ ಜಾಸ್ತಿ ಕೊಟ್ಟಿದ್ದರೆ ಸೀದಾ 80. ಪಿಚ್‌ಫೋರ್ಕ್ ಅನ್ನೋ ಸಂಗೀತ ವಿಮರ್ಶೆಯ ಸೈಟಿನವರದ್ದಾದರೆ ದಶಾಂಶದ ಲೆಕ್ಕ, 6.6 ಕೊಟ್ಟರೆ 66. ಅಳತೆಗೋಲೇ ಬೇರೆ ಬೇರೆ ಇರುವಾಗ ಎಲ್ಲ ಸೇರಿಸಿ ಸರಾಸರಿ ತೆಗೆದರೆ ಏನು ಅರ್ಥ ಬರುತ್ತೆ ಹೇಳಿ.

ಟೇಲರ್ ಸ್ವಿಫ್ಟ್ ಅವರ ದಿ ಟಾರ್ಚರ್ಡ್ ಪೊಯೆಟ್ಸ್ ಡಿಪಾರ್ಟ್‌ಮೆಂಟ್ ಆಲ್ಬಂ ತೆಗೆದುಕೊಳ್ಳಿ, 2024ರ ಏಪ್ರಿಲ್ 19ರಂದು ಬಂದಿದ್ದು. ಸರಾಸರಿ 76, ಹಸಿರು. ಇದನ್ನು ನೋಡಿದವರಿಗೆ "ಒಳ್ಳೆಯದೇ ಇರಬೇಕು, ಅದ್ಭುತ ಏನಲ್ಲ" ಅನ್ನಿಸುತ್ತೆ. ಕೆಳಗೆ ಪಟ್ಟಿ ತೆರೆದರೆ ಕಥೆಯೇ ಬೇರೆ. ರೋಲಿಂಗ್ ಸ್ಟೋನ್ ಪತ್ರಿಕೆಯದ್ದು ಪೂರ್ತಿ 100. ಪೇಸ್ಟ್ ಪತ್ರಿಕೆಯದ್ದು 10ಕ್ಕೆ 3.6. ಒಬ್ಬರು ತಲೆ ಮೇಲೆ ಹೊತ್ತು ಕುಣಿದರೆ ಇನ್ನೊಬ್ಬರು ಚಳಿ ಬಿಡಿಸಿದ್ದಾರೆ. 76 ಅನ್ನೋ ಅಭಿಪ್ರಾಯ ಇವರಿಬ್ಬರದ್ದೂ ಅಲ್ಲ!

ಆ ಪೇಸ್ಟ್ ವಿಮರ್ಶೆಯಲ್ಲಿ ಬರೆದವರ ಹೆಸರೇ ಇಲ್ಲ. ಬೇಕಂತಲೇ ತೆಗೆದಿದ್ದರು. 2019ರಲ್ಲಿ ಸ್ವಿಫ್ಟ್ ಅವರದ್ದೇ ಲವರ್ ಆಲ್ಬಂ ಬಗ್ಗೆ ಬರೆದವರಿಗೆ ಬೆದರಿಕೆಗಳು ಬಂದಿದ್ದವು, ಅದಕ್ಕೇ ಈ ಸಲ ಹೆಸರು ಹಾಕಿಲ್ಲ ಅಂತ ಪತ್ರಿಕೆಯೇ ತಿಳಿಸಿತ್ತು. 2020ರಲ್ಲಿ ಅವರ ಫೋಕ್‌ಲೋರ್ ಆಲ್ಬಂಗೆ ಪಿಚ್‌ಫೋರ್ಕ್ 8.0 ಕೊಟ್ಟಾಗಲೂ ಇದೇ ರಾದ್ಧಾಂತ. 10ಕ್ಕೆ 8 ಬಂದರೆ ನಮ್ಮಲ್ಲಿ ಡಿಸ್ಟಿಂಕ್ಷನ್ ಅಂತ ಸ್ವೀಟ್ ಹಂಚುತ್ತಾರೆ. ಅಲ್ಲಿ ಅಭಿಮಾನಿಗಳಿಗೆ ಸಿಟ್ಟು, ಯಾಕಂದ್ರೆ ಅದರಿಂದ ಮೆಟಾಕ್ರಿಟಿಕ್ ಸರಾಸರಿ ಕೆಳಗಿಳಿಯಿತು ಅಂತ. ಅಂದ್ರೆ ಈ ಅಂಕ ಸುಮ್ನೆ ಆಲ್ಬಂ ಅಳೆಯುತ್ತಾ ಕೂತಿಲ್ಲ, ಕ್ರಿಕೆಟ್ ಸ್ಕೋರ್‌ಬೋರ್ಡ್ ಆಗಿಬಿಟ್ಟಿದೆ. ಬರೆಯುವವರ ಕೈಯನ್ನೂ ಕಟ್ಟಿಹಾಕುತ್ತಿದೆ.

ಅವಸರದ್ದು ಇನ್ನೊಂದು ಕಾಟ. ಅದೇ ಟಾರ್ಚರ್ಡ್ ಪೊಯೆಟ್ಸ್ ಮಧ್ಯರಾತ್ರಿ 16 ಹಾಡುಗಳೊಂದಿಗೆ ಬಂತು, ಬೆಳಗಿನ ಜಾವ ಎರಡಕ್ಕೆ ಮತ್ತೆ 15 ಹಾಡು ಸೇರಿಸಿದರು. ಒಟ್ಟು 31, ಎರಡು ಗಂಟೆಯ ಸರಕು. ಅದೇ ದಿನ ವಿಮರ್ಶೆಗಳು ಹೊರಗೆ! ಸಾಹಿತ್ಯವೇ ಮುಖ್ಯ ಅನ್ನುವ ಆಲ್ಬಂ ಅದು, ನಿಧಾನವಾಗಿ ಕೂತು ಕೇಳಬೇಕಾದ್ದು. ನನಗೆ ಅದು ಅರ್ಧ ಚೆನ್ನಾಗಿದೆ, ಅರ್ಧ ಎಳೆದ ಹಾಗಿದೆ. ಕತ್ತರಿ ಹಾಕುವವರು ಯಾರೂ ಇರಲಿಲ್ಲವೇನೋ.

ಹಾಗಂತ ಅಂಕ ಯಾವಾಗಲೂ ಸುಳ್ಳು ಹೇಳುತ್ತೆ ಅಂತಲ್ಲ. ಅದೇ ವರ್ಷ ಜೂನ್‌ನಲ್ಲಿ ಬಂದ, ಇಂಗ್ಲೆಂಡಿನ ಪಾಪ್ ಗಾಯಕಿ ಚಾರ್ಲಿ ಎಕ್ಸ್‌ಸಿಎಕ್ಸ್ ಅವರ ಬ್ರ್ಯಾಟ್ ಆಲ್ಬಂಗೆ 90ರ ಮೇಲೆ ಬಿದ್ದಿದೆ, ಸರಿಯಾಗೇ ಬಿದ್ದಿದೆ. ಮೇಲ್ನೋಟಕ್ಕೆ ಕ್ಲಬ್ಬಿನಲ್ಲಿ ಕುಣಿಯುವ ಪಾಪ್. ಆದರೆ ಕೊನೆಯ ಹತ್ತಿರ ಒಂದು ಪುಟ್ಟ ಹಾಡಿದೆ. ಸ್ಟಾಕ್‌ಹೋಮ್‌ನಲ್ಲಿ ಗೆಳತಿಯ ಮಗುವನ್ನು ನೋಡಿ ಬಂದು, ನನಗೂ ಮಗು ಬೇಕಾ, ಹೊತ್ತು ಮೀರಿಹೋಯ್ತಾ, ಈ ಹಾಡುಗೀಡು ಎಲ್ಲ ಆಮೇಲೆ ಏನಾಗುತ್ತೆ ಅಂತ ತನ್ನಷ್ಟಕ್ಕೇ ಮಾತಾಡಿಕೊಂಡ ಹಾಗೆ ಹಾಡುತ್ತಾರೆ. ತಾಳ ಇನ್ನೂ ಕುಣಿತದ್ದೇ, ಮಾತು ಮಾತ್ರ ಅಕ್ಕತಂಗಿಯರ ನಡುವಿನ ಮಾತು. ಆ ಒಂದು ಹಾಡಿಗೇ ಇಡೀ ಆಲ್ಬಂ ಕೇಳಬಹುದು. 2024ರಲ್ಲೇ ಬಂದ ಕೇಟಿ ಪೆರಿಯ 143 ಅನ್ನೋ ಆಲ್ಬಂಗೆ ಕೆಂಪು ಬಿತ್ತು. ಅದರಲ್ಲೂ ತಕರಾರಿಲ್ಲ.

ಹಾಗಾದರೆ ಸೈಟನ್ನು ಹೇಗೆ ಬಳಸಬೇಕು? ನಾನು ಮಾಡೋದು ಇಷ್ಟೇ: ಅತಿ ಕಡಿಮೆ ಅಂಕದ ವಿಮರ್ಶೆಯನ್ನು ಮೊದಲು ಓದುತ್ತೇನೆ. ಹೊಗಳುವವರು ಎಲ್ಲರೂ ಒಂದೇ ಥರ ಹೊಗಳುತ್ತಾರೆ, ಬೈಯುವವನಿಗೆ ಕಾರಣ ಕೊಡಲೇಬೇಕಾಗುತ್ತೆ. ಆ ಕಾರಣ ನನಗೆ ಇಷ್ಟವಾಗುವ ವಿಷಯವೇ ಆಗಿದ್ದರೆ ಆಲ್ಬಂ ಹಾಕಿಬಿಡುತ್ತೇನೆ.

ಇದಕ್ಕೆ ಸರಿಯಾದ ಉದಾಹರಣೆ ಲುಲು ಅನ್ನೋ ಆಲ್ಬಂ. ಅಮೆರಿಕದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾದವರು 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು ಇಲ್ಲಿನ ರಾಕ್ ಮಂದಿಗೆಲ್ಲ ಗೊತ್ತು. ಆ ಸಂಭ್ರಮದ ಮರುದಿನವೇ ಯುರೋಪಿನಲ್ಲಿ, ಹಿರಿಯ ರಾಕ್ ಗಾಯಕ ಲೂ ರೀಡ್ ಜೊತೆ ಸೇರಿ ಅವರು ಮಾಡಿದ್ದ ಈ ಆಲ್ಬಂ ಬಂತು. ಉಗಿಸಿಕೊಂಡಿದ್ದು ಅಷ್ಟಿಷ್ಟಲ್ಲ. ಪಿಚ್‌ಫೋರ್ಕ್ ಕೊಟ್ಟಿದ್ದು 1.0. ಮೆಟಾಕ್ರಿಟಿಕ್‌ನಲ್ಲಿ ಸರಾಸರಿ 50ಕ್ಕಿಂತ ಕೆಳಗೆ. ತಾನೇ ಮೇಜು ಅಂತ ಮೆಟಾಲಿಕಾದ ಗಾಯಕ ಹೆಟ್‌ಫೀಲ್ಡ್ ಕಿರುಚುವ ಜಾಗ ಇವತ್ತಿಗೂ ಎಲ್ಲರ ಬಾಯಲ್ಲಿ ನಗೆಪಾಟಲು. ಮುದುಕನೊಬ್ಬ ಗೊಣಗುತ್ತಾನೆ, ಹಿಂದೆ ಗಿಟಾರ್ ಹೊಡೆದುಕೊಳ್ಳುತ್ತೆ, ಮುಗಿಯೋದೇ ಇಲ್ಲ. ದೂರು ಇದೇ ತಾನೇ? ಅದೇ ನನಗೆ ಕುತೂಹಲ ಹುಟ್ಟಿಸಿತು. ಕೊನೆಯ ಹಾಡು ಜೂನಿಯರ್ ಡ್ಯಾಡ್ 19 ನಿಮಿಷ. ಹಾಡು ಮುಗಿದ ಮೇಲೂ ತಂತಿವಾದ್ಯಗಳು ಎಷ್ಟೋ ಹೊತ್ತು ಒಂದೇ ಸ್ವರ ಹಿಡಿದು ನಿಲ್ಲುತ್ತವೆ, ಯಾರೂ ಬಂದು ನಿಲ್ಲಿಸುವುದಿಲ್ಲ. ಇಂಗ್ಲೆಂಡಿನ ರಾಕ್ ಗಾಯಕ ಡೇವಿಡ್ ಬೋವಿಗೆ ಈ ಆಲ್ಬಂ ಬಹಳ ಹಿಡಿಸಿತ್ತು ಅಂತ ಲೂ ರೀಡ್ ಪತ್ನಿ ಲಾರಿ ಆಂಡರ್ಸನ್ ಆಮೇಲೆ ಹೇಳಿದ್ದರು. ಎಲ್ಲರೂ ಕೇಳಿ ಅಂತ ನಾನು ಹೇಳಲ್ಲ, ಮನೆಯವರು ಓಡಿಸಿಬಿಡುತ್ತಾರೆ.

ಈ ಸೈಟಿನ ಮೇಲೆ ಇನ್ನೂ ಎರಡು ದೂರು. ಓದುಗರ ಅಂಕ ಅಂತ ಒಂದು ಬೇರೆ ಇದೆ, ಅದರ ಕಡೆ ತಿರುಗಿಯೂ ನೋಡಬೇಡಿ. ಒಂದು ಪಡೆ ಬಂದು ಹತ್ತು ಹಾಕುತ್ತೆ, ಎದುರಾಳಿ ಪಡೆ ಬಂದು ಸೊನ್ನೆ ಹಾಕುತ್ತೆ, ಆಲ್ಬಂ ಕೇಳಿದವರು ಎಷ್ಟು ಮಂದಿಯೋ ದೇವರಿಗೇ ಗೊತ್ತು. ಎರಡನೆಯದು, ವಿಮರ್ಶಕರ ಪಟ್ಟಿಯೇ ಸೊರಗುತ್ತಿದೆ. ಬ್ರಿಟನ್ನಿನ ಸಂಗೀತ ಪತ್ರಿಕೆಗಳಲ್ಲಿ ಎನ್‌ಎಂಇ 2018ರಲ್ಲಿ ವಾರಪತ್ರಿಕೆ ಮುದ್ರಿಸುವುದು ನಿಲ್ಲಿಸಿತು, ಕ್ಯೂ 2020ರಲ್ಲಿ ಬಾಗಿಲು ಹಾಕಿತು. ಪಿಚ್‌ಫೋರ್ಕ್ ಅನ್ನು 2024ರ ಜನವರಿಯಲ್ಲಿ ಗಂಡಸರ ಫ್ಯಾಷನ್ ಪತ್ರಿಕೆ ಜಿಕ್ಯೂ ಕೆಳಗೆ ತಂದು, ಎಷ್ಟೋ ಜನರನ್ನು ಕೆಲಸದಿಂದ ತೆಗೆದರು. ದೊಡ್ಡ ಹೆಸರಿನ ಪಾಪ್ ಆಲ್ಬಂಗೆ ಹೇಗೋ ವಿಮರ್ಶೆ ಸಿಗುತ್ತೆ. ಸಣ್ಣ ಬ್ಯಾಂಡಿನ ಮೊದಲ ಆಲ್ಬಂಗೆ ನಾಲ್ಕು ವಿಮರ್ಶೆ ಆಗದಿದ್ದರೆ ಅಂಕವೇ ಬೀಳೋದಿಲ್ಲ.

ಬರೀ ಸಂಗೀತಕ್ಕೇ ಬೇಕು ಅನ್ನುವವರು ಆಲ್ಬಂ ಆಫ್ ದಿ ಇಯರ್ ಅನ್ನೋ ಸೈಟ್ ನೋಡಿ. ಅಲ್ಲೂ ಸರಾಸರಿಯ ಹುಚ್ಚು ಇದ್ದೇ ಇದೆ, ಆದರೆ ಗೇಮು, ಸಿನಿಮಾಗಳ ಮಧ್ಯೆ ತಡಕಾಡಬೇಕಿಲ್ಲ. ನಾನಂತೂ ಈಗ ಮೆಟಾಕ್ರಿಟಿಕ್‌ಗೆ ಶುಕ್ರವಾರ ಹೋಗುವುದಿಲ್ಲ. ಆಲ್ಬಂ ಬಂದು ವಾರ ಕಳೆಯಲಿ, ಅಷ್ಟರಲ್ಲಿ ನಿಧಾನವಾಗಿ ಕೇಳಿ ಬರೆದವರ ವಿಮರ್ಶೆಗಳೂ ಪಟ್ಟಿಗೆ ಸೇರಿರುತ್ತವೆ.