ಸುಮ್ಮನಿದ್ದಾಗಲೂ ಬರೆಯುವ ಆ್ಯಪ್: ಹಿರಿಯರ ಮಾತು ರೆಕಾರ್ಡ್ ಮಾಡುವವರು ಹುಷಾರು

ಮನೆಯಲ್ಲಿ ವಯಸ್ಸಾದವರ ಮಾತನ್ನು ಆ್ಯಪ್‌ಗೆ ಕೊಟ್ಟು ಅಕ್ಷರಕ್ಕೆ ಇಳಿಸಿಕೊಳ್ಳುವ ಯೋಚನೆ ಇದೆಯಾ? ಅದರಲ್ಲೂ ಅವರಿಗೆ ಸ್ಟ್ರೋಕ್ ಆಗಿ ಮಾತು ತಡೆದು ತಡೆದು ಬರುತ್ತಿದೆಯಾ? ಹಾಗಿದ್ದರೆ ದುಡ್ಡು ಕಟ್ಟುವ ಮುಂಚೆ ಇದನ್ನೊಂದು ಸಲ ಓದಿ. ಇಂಥ ಒಂದು ಆ್ಯಪ್‌ನಿಂದ ನಮ್ಮ ಮನೆಗೂ ಪಕ್ಕದ ಮನೆಗೂ ಮಾತು ಬಿಟ್ಟುಹೋಗುವುದರಲ್ಲಿತ್ತು.

ನಮ್ಮದು ಸಾಗರದ ಕಡೆ ಅಡಿಕೆ ತೋಟ. ದೊಡ್ಡಪ್ಪನೇ ಯಜಮಾನರು. ಮಂಡಿ ಲೆಕ್ಕ, ಕೊಟ್ಟಿದ್ದು, ಬಂದಿದ್ದು, ಸೊಪ್ಪಿನ ಬೆಟ್ಟದ ಗಡಿ ಎಲ್ಲಿಂದ ಎಲ್ಲಿಗೆ, ಎಲ್ಲಾ ಅವರ ತಲೆಯಲ್ಲೇ. ಬರೆದಿಡುವ ಅಭ್ಯಾಸ ಇಲ್ಲ. ಲಕ್ವ ಹೊಡೆದ ಮೇಲೂ ನೆನಪು ಗಟ್ಟಿಯಾಗೇ ಇದೆ, ಆದರೆ ಶಬ್ದ ಕೈಗೆ ಸಿಗುವುದಿಲ್ಲ. ಒಂದು ಹೆಸರು ಹೇಳಿ ನಿಲ್ಲುತ್ತಾರೆ. ಬೆರಳಲ್ಲಿ ಪಂಚೆಯ ಅಂಚು ತಿರುಚುತ್ತಾ ಕೂರುತ್ತಾರೆ. ಎಷ್ಟೋ ಹೊತ್ತಿನ ಮೇಲೆ ಮುಂದಿನ ಶಬ್ದ.

ಅವರ ಮಗ ಬೆಂಗಳೂರಲ್ಲಿದ್ದಾನೆ. ಅಣ್ಣನೇ ಹುಡುಕಿ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದ. ಫೋನ್ ಎದುರಿಗಿಟ್ಟರೆ ಸಾಕು, ರೆಕಾರ್ಡೂ ಅದೇ ಮಾಡಿಕೊಳ್ಳುತ್ತೆ, ಬರೆದೂ ಅದೇ ಕೊಡುತ್ತೆ. ಕನ್ನಡವೂ ಪೂರ್ತಿ ಬರುತ್ತೆ, ತಪ್ಪೇ ಇರಲ್ಲ ಅಂತ ಜಾಹೀರಾತು. ಆ್ಯಪ್‌ನ ಹೆಸರು ಇಲ್ಲಿ ಹಾಕುವುದಿಲ್ಲ. ಈ ಜಾತಿಯವು ಬೇಕಾದಷ್ಟಿವೆ, ಹೆಸರಿಗಿಂತ ಲಕ್ಷಣ ಗೊತ್ತಿದ್ದರೆ ಒಳ್ಳೆಯದು.

ಬರಹ ಬಂದಾಗ ನೋಡಲು ಚೆನ್ನಾಗೇ ಇತ್ತು. ಪೂರ್ಣವಿರಾಮ, ಪ್ಯಾರಾ ಎಲ್ಲಾ ಅಚ್ಚುಕಟ್ಟು. ನಡುವೆ ಒಂದು ಕಡೆ 'ವಿಡಿಯೋ ಇಷ್ಟವಾದರೆ ಲೈಕ್ ಮಾಡಿ, ನಮ್ಮ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ' ಅಂತಿತ್ತು. ದೊಡ್ಡಪ್ಪ ಇವತ್ತಿಗೂ ಬಟನ್ ಫೋನ್ ಇಟ್ಟುಕೊಂಡವರು. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಅದರ ಮುಂದಿನ ಪುಟದಲ್ಲಿದ್ದ ಸಾಲಿಗೆ ಯಾರೂ ನಗಲಿಲ್ಲ. ಯಾಕೆಂದರೆ ಅದು ನಿಜದ ಹಾಗೇ ಇತ್ತು: 'ಕೆಳಗಿನ ಮನೆಯವರಿಗೆ ನಲವತ್ತು ಸಾವಿರ ಕೊಟ್ಟಿದ್ದೆ. ಅವರು ಇನ್ನೂ ಹಣವನ್ನು ಹಿಂತಿರುಗಿಸಿಲ್ಲ.'

ಅಣ್ಣ ಊರಿಗೆ ಬಂದವನು ಕೆಳಗಿನ ಮನೆಗೆ ಹೋಗಿ ಕೇಳಿಯೇಬಿಟ್ಟ. ಅವರ ಮುಖ ಕೆಂಪಾಯಿತಂತೆ. "ಏನೋ ತಮ್ಮಾ, ಹೋದ ಕೊಯ್ಲಿಗೇ ಚುಕ್ತಾ ಮಾಡಿದೀನಲ್ಲೋ. ನಿಮ್ಮಪ್ಪನೇ ಎಣಿಸಿ ಒಳಗಿಟ್ಟಿದ್ದು" ಅಂದರಂತೆ. ಇವನು "ಅಪ್ಪನೇ ಹೇಳಿದಾರೆ, ರೆಕಾರ್ಡ್ ಇದೆ" ಅಂದ. ಅವರು "ಹಾಗಾದ್ರೆ ಕೇಳ್ಸು" ಅಂದರು. ಆ್ಯಪ್ ತೆಗೆದು ನೋಡಿದರೆ ಆಡಿಯೊನೇ ಇಲ್ಲ! 'ನಿಮ್ಮ ಗೋಪ್ಯತೆಗಾಗಿ, ಬರಹ ಸಿದ್ಧವಾದ ನಂತರ ಧ್ವನಿಯನ್ನು ಅಳಿಸಲಾಗಿದೆ' ಅನ್ನುವ ಒಂದು ಸಾಲು ಮಾತ್ರ. ದುಡ್ಡು ಕಟ್ಟಿಸಿಕೊಳ್ಳುವ ಪುಟದಲ್ಲಿ ಇದರ ಸುಳಿವೇ ಇರಲಿಲ್ಲ.

ನಮ್ಮ ಪುಣ್ಯ, ಅವತ್ತು ಅಣ್ಣನ ಮಗಳು ಸುಮ್ನೆ ಅಜ್ಜನದೊಂದು ವಿಡಿಯೋ ಇರಲಿ ಅಂತ ತನ್ನ ಫೋನಲ್ಲಿ ತೆಗೆದುಕೊಂಡಿದ್ದಳು. ಅದನ್ನು ಹಾಕಿ ಕೂತು ಕೇಳಿದೆವು. 'ಕೆಳಗಿನ ಮನೆಗೆ ನಲವತ್ತು ಸಾವಿರ ಕೊಟ್ಟಿದ್ದೆ' ಅನ್ನುವವರೆಗೆ ಸರಿ. ಆಮೇಲೆ ದೊಡ್ಡಪ್ಪ ಸುಮ್ಮನೆ ಕೂತಿದ್ದಾರೆ. ಒಳಗೆ ದೊಡ್ಡಮ್ಮ ಮಿಕ್ಸಿ ತಿರುಗಿಸಿದ ಸದ್ದು. ಮಿಕ್ಸಿ ನಿಂತ ಮೇಲೆ, ತುಂಬಾ ಮೆಲ್ಲಗೆ, 'ಹ್ಞಾಂ... ಅದು... ಮುಗೀತು' ಅನ್ನುತ್ತಾರೆ. ಆ್ಯಪ್ ಈ ಮೂರು ಶಬ್ದವನ್ನು ನುಂಗಿ, ಮಿಕ್ಸಿ ಸದ್ದಿನ ಜಾಗಕ್ಕೆ ತನ್ನದೇ ಒಂದು ವಾಕ್ಯ ಹೊಸೆದು ಕೂರಿಸಿತ್ತು. ದೊಡ್ಡಪ್ಪ ಹೇಳಿದ್ದಕ್ಕೆ ಪೂರ್ತಿ ಉಲ್ಟಾ.

ಇದು ನಮ್ಮೊಬ್ಬರ ಗ್ರಹಚಾರ ಅಲ್ಲ. ಆಮೇಲೆ ಓದಿದಾಗ ಗೊತ್ತಾಯಿತು, ಆ್ಯಪ್‌ಗಳ ಈ ರೋಗಕ್ಕೆ 'ಹ್ಯಾಲುಸಿನೇಶನ್' ಅಂತ ಹೆಸರೂ ಇದೆ, ಅಧ್ಯಯನವೂ ಆಗಿದೆ. ಓಪನ್‌ಎಐ ಕಂಪನಿ 2022ರಲ್ಲಿ ಮಾತು ಕೇಳಿ ಬರೆಯುವ ವಿಸ್ಪರ್ ಅನ್ನುವ ಎಐ ಮಾದರಿಯನ್ನು (ಮಾಡೆಲ್) ಎಲ್ಲರಿಗೂ ಬಿಟ್ಟುಕೊಟ್ಟಿತು. ಇಂಟರ್‌ನೆಟ್ಟಿಂದ ಒಟ್ಟುಮಾಡಿದ 6,80,000 ಗಂಟೆಗಳ ಧ್ವನಿ ಕೇಳಿಸಿ ಕಲಿಸಿದ್ದು. ಪುಕ್ಕಟೆಯಾಗಿ ಸಿಗುವುದರಿಂದ ಎಷ್ಟೋ ಆ್ಯಪ್‌ಗಳು ಅದನ್ನು ಒಳಗಿಟ್ಟುಕೊಂಡು ಮೇಲೆ ತಮ್ಮ ಬೋರ್ಡ್ ಹಾಕಿಕೊಂಡಿವೆ. 2024ರಲ್ಲಿ ಅಮೆರಿಕದ ಸಂಶೋಧಕರು ಇಂಗ್ಲಿಷ್ ರೆಕಾರ್ಡಿಂಗ್‌ಗಳ ಮೇಲೆ ಅದನ್ನು ಪರೀಕ್ಷಿಸಿದ ವರದಿ ಬಂತು. ಸುಮಾರು ನೂರಕ್ಕೆ ಒಂದು ತುಣುಕಿನಲ್ಲಿ ಯಾರೂ ಆಡದ ಮಾತು ಸೇರಿಕೊಂಡಿತ್ತು. ಹಾಗೆ ಹುಟ್ಟಿದ ಮಾತುಗಳಲ್ಲಿ 38 ಶೇಕಡಾ ತೊಂದರೆ ಕೊಡುವಂಥವು: ಇಲ್ಲದ ಹೊಡೆದಾಟ, ಇಲ್ಲದ ಸಂಬಂಧ, ಇಲ್ಲದ ಔಷಧಿ. ಅಫೇಸಿಯಾ, ಅಂದರೆ ಮಿದುಳಿಗೆ ಪೆಟ್ಟಾಗಿ ಮಾತು ತೊಡಕಾದವರ ರೆಕಾರ್ಡಿಂಗ್‌ನಲ್ಲಿ ಇದು ಇನ್ನೂ ಜಾಸ್ತಿ. ಅವರು ನಡುವೆ ಹೆಚ್ಚು ಹೊತ್ತು ನಿಲ್ಲುತ್ತಾರಲ್ಲ, ಅದೇ ಕಾರಣ ಇರಬೇಕು ಅನ್ನುತ್ತಾರೆ ಆ ಸಂಶೋಧಕರು.

ಒಳಗೆ ನಡೆಯುವುದು ಇಷ್ಟು. ವಿಸ್ಪರ್ ಧ್ವನಿಯನ್ನು 30 ಸೆಕೆಂಡಿನ ತುಂಡುಗಳಾಗಿ ತೆಗೆದುಕೊಳ್ಳುತ್ತೆ. ಕೇಳಿದ ಸದ್ದು, ಇದುವರೆಗೆ ಬರೆದ ಶಬ್ದ, ಎರಡನ್ನೂ ಇಟ್ಟುಕೊಂಡು ಮುಂದೆ ಯಾವ ಶಬ್ದ ಬರಬಹುದು ಅಂತ ಊಹಿಸುತ್ತೆ. ಸದ್ದು ಸ್ಪಷ್ಟವಾಗಿದ್ದರೆ ಊಹೆ ಸರಿಯಾಗುತ್ತೆ. ಸದ್ದೇ ಇಲ್ಲದಿದ್ದರೆ ಉಳಿಯುವುದು ಊಹೆ ಮಾತ್ರ. ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಹುಡುಗ ಹಾಳೆ ಖಾಲಿ ಬಿಡದೆ ತುಂಬಿಸಿ ಬರುವ ಹಾಗೆ. ಕಲಿತ ಪಾಠದಲ್ಲಿ ವಿಡಿಯೋಗಳ ಸಬ್‌ಟೈಟಲ್ ತುಂಬಾ ಇದ್ದರೆ, ಮೌನ ಬಂದಾಗ 'ನೋಡಿದ್ದಕ್ಕೆ ಧನ್ಯವಾದ', 'ಸಬ್‌ಸ್ಕ್ರೈಬ್ ಮಾಡಿ' ಅಂತ ಉದುರಿಸುತ್ತೆ. ನಮ್ಮ ಆ್ಯಪ್ ಒಳಗೆ ಯಾವ ಮಾದರಿ ಇದೆ ಅಂತ ಕೇಳಿದ್ದಕ್ಕೆ ಕಂಪನಿ ಬಾಯಿ ಬಿಡಲಿಲ್ಲ. ಲಕ್ಷಣ ಮಾತ್ರ ಅದೇ.

ಹಳೆಯ ಯಂತ್ರಗಳಿಗೆ ಈ ಚಾಳಿ ಇರಲಿಲ್ಲ ನೋಡಿ. ಎಡಿಸನ್ 1877ರಲ್ಲಿ ಧ್ವನಿ ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಮಾಡಿದರು. ಮರುವರ್ಷ ಅದರ ಉಪಯೋಗಗಳನ್ನು ಪಟ್ಟಿ ಮಾಡಿದಾಗ ಮೊದಲು ಬರೆದಿದ್ದು ಹಾಡನ್ನಲ್ಲ, ಪತ್ರದ ಡಿಕ್ಟೇಶನ್ನನ್ನು. ಆಮೇಲೆ ಬಂದ ಡಿಕ್ಟಾಫೋನ್‌ನಲ್ಲಿ ಸಾಹೇಬರು ಮೇಣದ ಉರುಳೆಗೆ ಮಾತಾಡುತ್ತಿದ್ದರು, ಟೈಪಿಸ್ಟ್ ಕೇಳಿಕೊಂಡು ಹೊಡೆಯುತ್ತಿದ್ದರು. ಮೇಣ ಹೆರೆದು ಅದೇ ಉರುಳೆಯನ್ನು ಮತ್ತೆ ಬಳಸುತ್ತಿದ್ದರು. ಅಂದರೆ ಅಲ್ಲೂ ಧ್ವನಿ ಅಳಿಸಿಹೋಗುತ್ತಿತ್ತು, ಆದರೆ ಒಬ್ಬ ಮನುಷ್ಯ ಕೇಳಿದ ಮೇಲೆ. ಮಾತನ್ನು ಅಕ್ಷರಕ್ಕೆ ಇಳಿಸಲು 1990ರಲ್ಲಿ ಬಂದ ಡ್ರ್ಯಾಗನ್‌ಡಿಕ್ಟೇಟ್ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರ್‌ಗಂತೂ ಬೆಲೆ 9,000 ಡಾಲರ್, ಮೇಲಾಗಿ ಒಂದೊಂದು ಶಬ್ದದ ನಡುವೆ ನಿಲ್ಲಿಸಿ ನಿಲ್ಲಿಸಿ ಹೇಳಬೇಕಿತ್ತು. ಆಗ ಮೌನ ಇದ್ದರೇ ಯಂತ್ರಕ್ಕೆ ಅರ್ಥವಾಗುತ್ತಿತ್ತು. ಈಗ ಮೌನ ಸಿಕ್ಕರೆ ಕಥೆ ಕಟ್ಟುತ್ತೆ. ಇದನ್ನು ಪ್ರಗತಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ.

ಫೋನಿನ ಕೀಬೋರ್ಡಲ್ಲಿರುವ ಕನ್ನಡ ವಾಯ್ಸ್ ಟೈಪಿಂಗ್ ಬಗ್ಗೆ ನನ್ನ ತಕರಾರಿಲ್ಲ. ಗೂಗಲ್ ಅದನ್ನು 2017ರಲ್ಲಿ ತಂದಾಗಿಂದ ನಾನೇ ಬಳಸುತ್ತಿದ್ದೇನೆ. ಅದರಲ್ಲೂ ತಪ್ಪಾಗುತ್ತೆ. ಆದರೆ ಮಾತಾಡಿದವರ ಕಣ್ಣೆದುರೇ ತಪ್ಪುತ್ತೆ, ಅಲ್ಲೇ ತಿದ್ದಬಹುದು. ದೊಡ್ಡಪ್ಪನಂಥವರ ವಿಷಯದಲ್ಲಿ ತಿದ್ದುವವರು ಯಾರು? ಆಡಿದವರಿಗೆ ಓದಲಾಗುವುದಿಲ್ಲ, ಓದುವವರು ಅಲ್ಲಿ ಕೂತು ಕೇಳಿರುವುದಿಲ್ಲ.

ಹಾಗಾಗಿ ಇಂಥ ಕೆಲಸಕ್ಕೆ ಇಳಿಯುವವರು ಫೋನಿನಲ್ಲೇ ಇರುವ ಸಾದಾ ರೆಕಾರ್ಡರ್‌ನಲ್ಲಿ ಮೊದಲು ಧ್ವನಿ ಹಿಡಿಯಿರಿ. ಆ ಫೈಲನ್ನು ಇನ್ನೊಂದು ಕಡೆ ಕಾಪಿ ಮಾಡಿ ಇಟ್ಟ ಮೇಲೆ ಬೇಕಾದರೆ ಆ್ಯಪ್‌ಗೆ ಹಾಕಿ. ಆ್ಯಪ್ ತಾನೇ ರೆಕಾರ್ಡ್ ಮಾಡುತ್ತೇನೆ ಅಂದರೆ ಬೇಡ ಅನ್ನಿ. ಬರಹ ಬಂದ ಮೇಲೆ ಹಣ, ಹೆಸರು, ಔಷಧಿ, ಗಡಿ ಇರುವ ಸಾಲುಗಳನ್ನೆಲ್ಲಾ ಧ್ವನಿ ಹಚ್ಚಿ ತಾಳೆ ನೋಡಿ. ಅವರು ಎಲ್ಲಿ ಹೆಚ್ಚು ಹೊತ್ತು ನಿಂತಿದ್ದಾರೋ ಅಲ್ಲಿ ಎರಡು ಸಲ ಕೇಳಿ. ಪಾಲು ಪಟ್ಟಿ, ಸಾಲ ಅಂತ ನಾಳೆ ಕೋರ್ಟಿಗೆ ಹೋಗುವ ಸಂಗತಿಯಾದರೆ ಇನ್ನೂ ಹುಷಾರು. ಅಲ್ಲಿ ಧ್ವನಿಯ ಫೈಲನ್ನೇ ಕೇಳುತ್ತಾರೆ, ಅದರ ಜೊತೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಆ್ಯಪ್ ಬರೆದುಕೊಟ್ಟ ಹಾಳೆ ಇಟ್ಟುಕೊಂಡು ಏನೂ ಗಿಟ್ಟುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ಹಾಕಿ ಎರಡು ನಿಮಿಷ ರೆಕಾರ್ಡ್ ಮಾಡಿ, ಉಚಿತ ಟ್ರಯಲ್‌ನಲ್ಲಿ ಅದನ್ನು ಹಾಕಿ. ಖಾಲಿ ಹಾಳೆ ಬಂದರೆ ಮುಂದೆ ಯೋಚಿಸಿ. ಒಂದು ವಾಕ್ಯ ಬಂದರೂ ಆ ಆ್ಯಪ್ ತೆಗೆದುಹಾಕಿ.

ಕೆಳಗಿನ ಮನೆಯವರಿಗೆ ವಿಡಿಯೋ ತೋರಿಸಿದ ಮೇಲೆ ವಿಷಯ ತಣ್ಣಗಾಯಿತು. ಆದರೆ ಅವರ ಮನೆಗೆ ಹೋದರೆ ಮೊದಲಿನ ಹಾಗೆ ಕವಳದ (ಎಲೆ ಅಡಿಕೆಯ) ತಟ್ಟೆ ಮುಂದೆ ಬರಲು ಇನ್ನೂ ಸ್ವಲ್ಪ ದಿನ ಬೇಕು. ಆ್ಯಪ್‌ನವರಿಗೆ ಅಣ್ಣ ಬರೆದ ದೂರಿಗೆ ಉತ್ತರ ಬಂದಿದೆ: ದುಡ್ಡು ವಾಪಸ್ ಇಲ್ಲ, ಬೇಕಿದ್ದರೆ ಚಂದಾ ಇನ್ನೊಂದು ವರ್ಷ ಮುಂದುವರಿಸಿ ಕೊಡುತ್ತಾರಂತೆ.