ಕರ್ಣನ ಹೆಣದ ಮುಂದೆ ನಿಂತ ದುರ್ಯೋಧನರು

ದುರ್ಯೋಧನ ಅಂದರೆ ನನಗೆ ಚಿಕ್ಕಂದಿನಿಂದಲೂ ಪ್ರೀತಿ. ಅವನು ಮಾಡಿದ್ದು ಸರಿ ಅಂತ ಅಲ್ಲ. ತುಂಬಿದ ಸಭೆಗೆ ದ್ರೌಪದಿಯನ್ನು ಎಳೆಸಿದವನ ಪರ ವಾದ ಮಾಡಲು ನನ್ನಿಂದ ಆಗುವುದಿಲ್ಲ. ಆದರೆ ಕಥೆ ಕೊನೆಗೆ ಬಂದಾಗ, ಹನ್ನೊಂದು ಅಕ್ಷೋಹಿಣಿ ಸೇನೆಯ ಒಡೆಯ ಗದೆ ಹೊತ್ತುಕೊಂಡು ಹೆಣಗಳ ನಡುವೆ ನಡೆಯುತ್ತಾನಲ್ಲ, ಅಲ್ಲಿ ನನ್ನ ಮನಸ್ಸು ಅವನ ಕಡೆ ಹೋಗಿಬಿಡುತ್ತದೆ. ಹಾಗಾಗಿ ಯಾರು ದುರ್ಯೋಧನನ ಪಾತ್ರ ಮಾಡಿದರೂ ನಾನು ಕಾಯುವುದು ಆ ಜಾಗಕ್ಕೆ. ಸಭೆಯಲ್ಲಿ ಗರ್ಜಿಸುವುದು ಸುಮಾರು ಜನಕ್ಕೆ ಬರುತ್ತದೆ. ಕರ್ಣ, ದುಶ್ಶಾಸನ ಸತ್ತು ಬಿದ್ದಾಗ ಹೇಗೆ ನಿಲ್ಲುತ್ತಾನೆ? ನನ್ನ ಅಳತೆಗೋಲು ಅದೊಂದೇ.

ಮೊದಲು ನೋಡಿದ್ದು ಟಿವಿಯಲ್ಲಿ. 1988ರಿಂದ 1990ರವರೆಗೆ ದೂರದರ್ಶನದಲ್ಲಿ ಬಂದ ಬಿ.ಆರ್. ಚೋಪ್ರಾ ಅವರ ಮಹಾಭಾರತದ ಪುನೀತ್ ಇಸ್ಸಾರ್. ಹಿಂದಿ ಅರ್ಥವಾಗದಿದ್ದರೂ ಆ ಭುಜ, ಆ ಕೆಂಡದ ಕಣ್ಣು ನೋಡಿ ಹೆದರಿದ್ದೆ. ಹೆದರಿಕೆ ಆಯಿತು, ಅಯ್ಯೋ ಅನ್ನಿಸಲಿಲ್ಲ.

ನಮ್ಮದು ಪಾವಗಡದ ಕಡೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಎನ್.ಟಿ.ಆರ್. ದುರ್ಯೋಧನನನ್ನು ನೋಡದೆ ಬೆಳೆದವರು ಕಡಿಮೆ. 1977ರ ದಾನವೀರಶೂರಕರ್ಣದಲ್ಲಿ ಅವರೇ ಕೃಷ್ಣ, ಅವರೇ ಕರ್ಣ, ಅವರೇ ದುರ್ಯೋಧನ, ನಿರ್ದೇಶನವೂ ಅವರದೇ. ಕರ್ಣನ ಕುಲ ಕೇಳಿದಾಗ ಎದ್ದು ನಿಂತು ಮಾತಾಡುತ್ತಾರೆ ನೋಡಿ, ಅಲ್ಲಿ ತೆಲುಗು ಬಾರದವರೂ ಚಪ್ಪಾಳೆ ಹೊಡೆಯುತ್ತಾರೆ. ಠೀವಿಯಲ್ಲಿ ಅವರನ್ನು ಮೀರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ. ಆದರೆ ಠೀವಿ ಎಷ್ಟು ಜಾಸ್ತಿ ಅಂದರೆ, ಈತ ಸೋಲುತ್ತಾನೆ ಅಂತ ನಂಬಲಿಕ್ಕೇ ನನಗೆ ಆಗಲಿಲ್ಲ.

2019ರಲ್ಲಿ ಬಂದ ಕನ್ನಡದ ಕುರುಕ್ಷೇತ್ರ ರನ್ನನ ಗದಾಯುದ್ಧದ ಆಧಾರದ ಮೇಲೆ ಮಾಡಿದ್ದು. ಹಾಗಾಗಿ ಆಸೆ ಇಟ್ಟುಕೊಂಡು ಹೋಗಿದ್ದೆ. ದರ್ಶನ್ ಅವರ ಎತ್ತರ, ಮೈಕಟ್ಟು, ಗದೆ ಹಿಡಿಯುವ ರೀತಿ ಚೆನ್ನಾಗಿ ಒಪ್ಪಿತು. ಆದರೆ ಒಂದೇ ಸಿನಿಮಾದಲ್ಲಿ ಅಷ್ಟು ದೊಡ್ಡ ಕಥೆ ಹೇಳಬೇಕು, ಅಷ್ಟು ಜನ ದೊಡ್ಡ ನಟರಿಗೆ ಜಾಗ ಕೊಡಬೇಕು. ದುರ್ಯೋಧನ ಸುಮ್ಮನೆ ನಿಲ್ಲುವ ಹೊತ್ತು ನನಗೆ ಸಾಲಲಿಲ್ಲ.

ಆ ಹೊತ್ತು ಸಿಕ್ಕಿದ್ದು ನಮ್ಮ ಕಡೆಯ ಜಾತ್ರೆಯ ನಾಟಕದಲ್ಲಿ. ನಮ್ಮಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ದುರ್ಯೋಧನನಿಗೂ ಕೃಷ್ಣನಿಗೂ ಹೆಚ್ಚು. ಆ ವರ್ಷ ದುರ್ಯೋಧನನಾಗಿದ್ದವರು ಕಡಲೆಕಾಯಿ ಬೆಳೆಯುವ ರೈತರು. ಎರಡು ತಿಂಗಳು ದಿನಾ ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪ್ರಾಕ್ಟೀಸ್ ಮಾಡಿದ್ದರು. ಕರ್ಣ ಬೀಳುವ ಸೀನು ಬರುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಗಂಟಲು ಕಟ್ಟಿಹೋಗಿತ್ತು. ಹಾಡಬೇಕಾದ ಕಂದಪದ್ಯ ಅರ್ಧಕ್ಕೇ ನಿಂತಿತು. ಅವರು ಮಂಡಿಯೂರಿ ಕೂತು, ಕರ್ಣನ ಪಾತ್ರಧಾರಿಯ ಕೈ ಎತ್ತಿಕೊಂಡು, ಅದಕ್ಕೆ ಬಳಿದಿದ್ದ ಕೆಂಪು ಬಣ್ಣವನ್ನು ತಮ್ಮ ಜರಿ ಶಲ್ಯದಿಂದ ಒರೆಸತೊಡಗಿದರು. ಹೊಲದಿಂದ ಬಂದ ಮಗನ ಕೈಯ ಮಣ್ಣು ಒರೆಸುವ ಹಾಗೆ. ಒಂದೊಂದೇ ಬೆರಳು. ಮೇಷ್ಟ್ರು ಒಂದೇ ಸ್ವರ ಹಿಡಿದುಕೊಂಡು ಕಾದರು. ಅಷ್ಟು ಹೊತ್ತು ಒನ್ಸ್ ಮೋರ್ ಅಂತ ಕೂಗುತ್ತಿದ್ದ ಜನ ಒಬ್ಬರೂ ಮಾತಾಡಲಿಲ್ಲ.

ಯಕ್ಷಗಾನದ ಕೌರವನನ್ನು ನೋಡಲು ಹೊನ್ನಾವರದ ಗೆಳೆಯನ ಮನೆಗೆ ಹೋಗಿದ್ದೆ. ಗದಾಪರ್ವದ ಪ್ರಸಂಗ. ಅಲ್ಲಿ ರಂಗದ ಮೇಲೆ ಹೆಣವೂ ಇಲ್ಲ, ರಕ್ತವೂ ಇಲ್ಲ. 'ಕುರುರಾಯನಿದನೆಲ್ಲ ಕಂಡು' ಅಂತ ಭಾಗವತರು ಪದ್ಯ ಎತ್ತಿಕೊಂಡರು. ಕೌರವ ಖಾಲಿ ನೆಲವನ್ನು ನೋಡುತ್ತಾ ನಡೆದ. ಒಂದು ಕಡೆ ಕಾಲು ಎತ್ತಿದವನು ಅಲ್ಲೇ ತಡೆದು, ಸ್ವಲ್ಪ ಆಚೆಗೆ ಇಟ್ಟ. ಅಲ್ಲಿ ಯಾರೋ ಮಲಗಿದ್ದಾರೆ ಅಂತ ನಮಗೆ ಗೊತ್ತಾಯಿತು! ಸಿನಿಮಾದ ಸಾವಿರ ಹೆಣಗಳಿಗಿಂತ ಆ ಒಂದು ಹೆಜ್ಜೆ ನನ್ನನ್ನು ಜಾಸ್ತಿ ಅಲ್ಲಾಡಿಸಿತು. ಕಲೆಯಲ್ಲಿ ಇದೇ ಎಲ್ಲಕ್ಕಿಂತ ಮೇಲು, ಅನುಮಾನವೇ ಇಲ್ಲ. ಆದರೆ ಆ ಕೌರವ ಕೊನೆಯವರೆಗೂ ರಾಜನೇ. ನಮ್ಮೂರ ರೈತನ ಹಾಗೆ ಹತ್ತಿರ ಬರಲಿಲ್ಲ.

ಇನ್ನು ರನ್ನ. ಓದುವುದನ್ನೂ ಈ ಹೋಲಿಕೆಗೆ ಸೇರಿಸಲೇಬೇಕು, ಯಾಕೆಂದರೆ ನಾನು ಅವನನ್ನು ಗಟ್ಟಿಯಾಗಿ ಓದುತ್ತೇನೆ. ಮುಧೋಳದ ಬಳೆಗಾರರ ಮನೆಯ ಈ ಹತ್ತನೇ ಶತಮಾನದ ಕವಿ ಕಾವ್ಯ ಬರೆದದ್ದು ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ. ನಾಯಕ ಭೀಮ. ಆದರೂ ದುರ್ಯೋಧನ ರಣರಂಗದಲ್ಲಿ ನಡೆಯುವಾಗ ಕವಿಯ ಕರುಳು ಅವನ ಜೊತೆಗೇ ನಡೆಯುತ್ತದೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣಕ್ಕೆ ಕೈ ಮುಗಿದು, ನಿನ್ನ ಸಾಹಸದಲ್ಲಿ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಅಂತ ಬೇಡುತ್ತಾನೆ. ದುಶ್ಶಾಸನನ ಮುಂದೆ ನಿಂತು ಹೇಳುವುದು ಇನ್ನೂ ಕಷ್ಟ. ಅಮ್ಮನ ಹಾಲು ಮೊದಲು ಕುಡಿದದ್ದು ನಾನು, ಆಮೇಲೆ ನೀನು. ಚಿಕ್ಕಂದಿನಿಂದ ಎಲ್ಲದರಲ್ಲೂ ಹಾಗೇ, ಎಲ್ಲೂ ಮೀರಲಿಲ್ಲ. ಸಾಯುವುದರಲ್ಲಿ ಮಾತ್ರ ನನಗಿಂತ ಮುಂದೆ ಹೋದೆಯಲ್ಲ! ಮನೆಯಲ್ಲಿ ತಮ್ಮ ಇರುವವರು ಇದನ್ನು ಓದಿ ಸುಮ್ನೆ ಪುಟ ತಿರುಗಿಸಲು ಆಗುತ್ತದಾ?

ಆಮೇಲೆ ಕರ್ಣ. ನೀನು ಯಾರು ಅಂತ ನನಗೆ ಗೊತ್ತು, ಕುಂತಿಗೆ ಗೊತ್ತು, ಕೃಷ್ಣನಿಗೆ ಗೊತ್ತು, ಸೂರ್ಯನಿಗೆ ಗೊತ್ತು, ಸಹದೇವನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ ಅನ್ನುತ್ತಾನೆ. 'ಆನರಿವೆಂ' ಅಂತ ಶುರುವಾಗುವ ಆ ಕಂದಪದ್ಯವನ್ನು ಒಂದು ಸಂಜೆ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಎಷ್ಟೋ ಜಾತ್ರೆಗಳಲ್ಲಿ ಕುರುಕ್ಷೇತ್ರ ನೋಡಿದವರು. ಅವರೆಕಾಯಿ ಸುಲಿಯುತ್ತಿದ್ದ ಕೈ ನಿಂತಿತು.

"ಅವನಿಗೆ ಗೊತ್ತಿತ್ತಾ?" ಅಂದರು. "ಪಾಂಡವರ ಅಣ್ಣ ಅಂತ ಗೊತ್ತಿದ್ದೂ ಜೊತೇಲೇ ಇಟ್ಕೊಂಡಿದ್ನಾ?"

ಹೂಂ ಅಂದೆ.

"ಇನ್ನೊಂದ್ಸಲ ಓದು."