ಗಡಿಯಿಲ್ಲದ ಊರಿನ ಜನಸಂಖ್ಯೆ ಎಷ್ಟು: ಅಮೆರಿಕದ ಎರಡು ಸರ್ಕಾರಿ ಮಾಹಿತಿ ಸೇವೆಗಳ ವಿಮರ್ಶೆ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸ್ವಂತ ನಗರಸಭೆಯಾಗಲಿ ಮೇಯರ್ ಆಗಲಿ ಇಲ್ಲದ, ಕಾನೂನು ಗುರುತಿಸಿದ ಗಡಿಯೂ ಇಲ್ಲದ, ಆದರೂ ಹೆಸರಿಟ್ಟುಕೊಂಡು ಬಾಳುತ್ತಿರುವ ಸಾವಿರಾರು ಸಣ್ಣ ಊರುಗಳಿವೆ. ಅಲ್ಲಿನವರು ಇವನ್ನು ಅನ್‌ಇನ್‌ಕಾರ್ಪೊರೇಟೆಡ್ ಕಮ್ಯುನಿಟಿ ಎನ್ನುತ್ತಾರೆ. ರಸ್ತೆ, ಪೊಲೀಸ್, ತೆರಿಗೆಯಂಥ ವ್ಯವಹಾರಗಳನ್ನು ಸುತ್ತಲಿನ ಕೌಂಟಿ ಅಥವಾ ಟೌನ್‌ಶಿಪ್ ನೋಡಿಕೊಳ್ಳುತ್ತದೆ. ಇಂಥ ಊರೊಂದು ಎಲ್ಲಿದೆ, ಅದರಲ್ಲಿ ಎಷ್ಟು ಜನರಿದ್ದಾರೆ ಎಂದು ತಿಳಿಯಬೇಕಾದವರು, ಅವರು ವಿಶ್ವಕೋಶಕ್ಕೆ ಬರೆಯುವವರಾಗಲಿ, ಮನೆತನದ ಇತಿಹಾಸ ಹುಡುಕುವವರಾಗಲಿ, ಕೊನೆಗೆ ಬಂದು ಸೇರುವುದು ಎರಡು ಉಚಿತ ಸೇವೆಗಳಿಗೆ. ಒಂದು ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ನಡೆಸುವ ಜಿಎನ್‌ಐಎಸ್ ಎಂಬ ಸ್ಥಳನಾಮ ಕೋಶ, ಇನ್ನೊಂದು ಜನಗಣತಿ ಇಲಾಖೆಯ ದತ್ತಾಂಶ ತಾಣವಾದ ಡೇಟಾ ಡಾಟ್ ಸೆನ್ಸಸ್ ಡಾಟ್ ಗೌ. ಎರಡನ್ನೂ ಬಳಸುತ್ತ ಬಂದಿರುವ ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ: ಊರು ಎಲ್ಲಿದೆ ಎಂಬುದಕ್ಕೆ ಮೊದಲನೆಯದು ತೃಪ್ತಿಕರವಾದ ಉತ್ತರ ಕೊಡುತ್ತದೆ, ಎಷ್ಟು ಜನ ಎಂಬುದಕ್ಕೆ ಎರಡನೆಯದು ಉತ್ತರ ಕೊಡುವುದು ಯಾರಾದರೂ ಆ ಊರಿನ ಸುತ್ತ ಗೆರೆ ಎಳೆದಿದ್ದರೆ ಮಾತ್ರ, ಮತ್ತು ಈ ಷರತ್ತನ್ನು ಅದು ಹುಡುಕುವವರಿಗೆ ಸಾಕಷ್ಟು ಸ್ಪಷ್ಟವಾಗಿ ತಿಳಿಸುವುದಿಲ್ಲ.

ಸ್ಥಳನಾಮ ಕೋಶದ ಹಿಂದೆ ದೀರ್ಘ ಪರಂಪರೆಯಿದೆ. ನಕ್ಷೆಗಳಲ್ಲಿ ಒಂದೇ ಜಾಗಕ್ಕೆ ಹಲವು ಹೆಸರುಗಳು ಬಳಕೆಯಾಗುತ್ತಿದ್ದ ಗೊಂದಲವನ್ನು ಪರಿಹರಿಸಲು 1890ರಲ್ಲಿ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಸ್ಥಳನಾಮ ಮಂಡಳಿಯನ್ನು ಸ್ಥಾಪಿಸಿದರು. 1947ರ ಕಾನೂನು ಅದಕ್ಕೆ ಈಗಿನ ರೂಪ ಕೊಟ್ಟಿತು. ಮಂಡಳಿಯ ನಿರ್ಣಯಗಳ ಅಧಿಕೃತ ಭಂಡಾರವೇ ಜಿಎನ್‌ಐಎಸ್. ಯಾವುದೇ ಊರನ್ನು ಹುಡುಕಿದರೆ ಅದರ ಗುರುತಿನ ಸಂಖ್ಯೆ, ರಾಜ್ಯ, ಕೌಂಟಿ, ಅಕ್ಷಾಂಶ ರೇಖಾಂಶಗಳು ಮತ್ತು ಊರು ಬೀಳುವ ಸ್ಥಳಾಕೃತಿ ನಕ್ಷೆಯ ಹೆಸರು ಒಂದೇ ಕಡೆ ಸಿಗುತ್ತವೆ. ಗಡಿಯಿಲ್ಲದ ಊರಿಗೆ ಅಕ್ಷಾಂಶ ರೇಖಾಂಶ ನಿಗದಿಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಈ ಕೋಶ ಕಂಡುಕೊಂಡ ದಾರಿ ನನಗೆ ಬಹಳ ಮೆಚ್ಚುಗೆಯಾಗಿದೆ. ಊರು ಮೊದಲು ಬೆಳೆದ ಮೂಲ ಕೇಂದ್ರ ತಿಳಿದಿದ್ದರೆ, ಅಂದರೆ ಅಂಚೆ ಕಚೇರಿಯೋ ಗ್ರಂಥಾಲಯವೋ ಅಂಗಡಿಬೀದಿಯೋ ಇದ್ದ ಜಾಗ ಗೊತ್ತಿದ್ದರೆ, ಬಿಂದುವನ್ನು ಅಲ್ಲಿಯೇ ಇಡುತ್ತಾರೆ. ಆದ್ದರಿಂದ ಮನೆಗಳು ಹೆದ್ದಾರಿಯ ಕಡೆಗೆ ಸರಿದುಹೋದ ಮೇಲೂ ದಾಖಲೆಯ ಬಿಂದು ಹಳೆಯ ಊರನ್ನು ತೋರಿಸುತ್ತಲೇ ಇರುತ್ತದೆ.

ಈ ಕೋಶ ಎಷ್ಟು ಎಚ್ಚರಿಕೆಯಿಂದ ಕೆಲಸ ಮಾಡುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ರಾಜ್ಯದ ಅಗ್ಲೋ ಒಳ್ಳೆಯ ಉದಾಹರಣೆ. 1930ರ ದಶಕದಲ್ಲಿ ನಕ್ಷೆ ತಯಾರಿಸುವ ಸಂಸ್ಥೆಯೊಂದು ತನ್ನ ಕೆಲಸವನ್ನು ನಕಲು ಮಾಡುವವರನ್ನು ಹಿಡಿಯಲು ಈ ಹೆಸರನ್ನು ಕಲ್ಪಿಸಿ, ಏನೂ ಇಲ್ಲದ ಒಂದು ಕೂಡುದಾರಿಯಲ್ಲಿ ಅಚ್ಚು ಹಾಕಿಸಿತು; ಮುಂದೆ ನಕ್ಷೆಯಲ್ಲಿದ್ದ ಹೆಸರನ್ನು ನೋಡಿಯೇ ಅಲ್ಲೊಂದು ಅಂಗಡಿ ಅದೇ ಹೆಸರಿನಲ್ಲಿ ತೆರೆದುಕೊಂಡಿತು. 2014ರಲ್ಲಿ ಕೋಶಕ್ಕೆ ಸೇರಿಸುವಾಗ ಹೆಸರಿನ ಪಕ್ಕದಲ್ಲಿಯೇ ಇದು ಅಧಿಕೃತವಲ್ಲ ಎಂದು ನಮೂದಿಸಲಾಯಿತು. ಜನ ಬಳಸಿದ ಹೆಸರನ್ನು ಕೈಬಿಡದೆ, ಅದರ ಸ್ಥಾನಮಾನವನ್ನೂ ಮರೆಮಾಚದೆ ದಾಖಲಿಸಿದ ಈ ಕ್ರಮ ಸರಿಯಾದದ್ದು.

ಕೊರತೆಗಳೂ ಇವೆ. ಕೋಶದಲ್ಲಿ ಜನಸಂಖ್ಯೆ ಇರುವುದಿಲ್ಲ. ಜನವಸತಿ ಎಂಬ ಒಂದೇ ವರ್ಗದಲ್ಲಿ ಲಕ್ಷಾಂತರ ಜನರ ನಗರವೂ ನಾಲ್ಕು ಮನೆಗಳ ಕೂಡುರಸ್ತೆಯೂ ಸೇರಿಕೊಳ್ಳುವುದರಿಂದ ದಾಖಲೆಯಿಂದ ಊರಿನ ಗಾತ್ರವನ್ನು ಊಹಿಸಲು ಬರುವುದಿಲ್ಲ. ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿಯೆಂದರೆ, ಚರ್ಚ್, ಶಾಲೆ, ಸ್ಮಶಾನ, ಅಂಚೆ ಕಚೇರಿ ಮುಂತಾದ ಮಾನವನಿರ್ಮಿತ ವರ್ಗಗಳನ್ನು ಇತ್ತೀಚಿನ ವರ್ಷಗಳಲ್ಲಿ ಚಾಲ್ತಿಯಲ್ಲಿರುವ ಕೋಶದಿಂದ ತೆಗೆದು ಹಳೆಯ ದಾಖಲೆಗಳ ಸಂಗ್ರಹಕ್ಕೆ ವರ್ಗಾಯಿಸಲಾಗಿದೆ. ನಗರದ ಮಟ್ಟಿಗೆ ಇದು ದೊಡ್ಡ ನಷ್ಟವಲ್ಲ, ಆದರೆ ಗಡಿಯಿಲ್ಲದ ಊರಿಗೆ ಅದರ ಶಾಲೆ, ಚರ್ಚ್ ಮತ್ತು ಸ್ಮಶಾನಗಳೇ ಗುರುತು. ಅವಿಲ್ಲದೆ ಊರಿನ ಹರವು ಎಲ್ಲಿಯವರೆಗೆ ಎಂದು ನಕ್ಷೆಯ ಮೇಲೆ ತಿಳಿಯುವುದು ಕಷ್ಟ.

ಈಗ ಜನಗಣತಿ ತಾಣದ ಕಡೆಗೆ ಬರೋಣ. ಪುರಸಭೆಯಿಲ್ಲದ ಊರುಗಳನ್ನು ಪ್ರತ್ಯೇಕವಾಗಿ ಎಣಿಸುವ ಕ್ರಮ 1950ರ ಗಣತಿಯಿಂದ ನೆಲೆಗೊಂಡಿತು. 1980ರಲ್ಲಿ ಇವುಗಳಿಗೆ ಸೆನ್ಸಸ್ ಡೆಸಿಗ್ನೇಟೆಡ್ ಪ್ಲೇಸ್ ಅಥವಾ ಸಿಡಿಪಿ ಎಂಬ ಹೆಸರು ಬಂದಿತು, 2000ದಲ್ಲಿ ಕನಿಷ್ಠ ಜನಸಂಖ್ಯೆಯ ನಿಯಮವನ್ನು ಕೈಬಿಡಲಾಯಿತು. ಸ್ಥಳೀಯ ಅಧಿಕಾರಿಗಳ ಸಲಹೆ ಪಡೆದು ಇಲಾಖೆ ಅಂಕಿಅಂಶದ ಅನುಕೂಲಕ್ಕಾಗಿ ಎಳೆಯುವ ಈ ಗೆರೆಗೆ ಕಾನೂನಿನ ಬಲವಿಲ್ಲ. ಆದರೂ ಅದರ ವ್ಯಾಪ್ತಿ ದೊಡ್ಡದು. ಲಾಸ್ ವೇಗಸ್ ಸ್ಟ್ರಿಪ್‌ನ ಬಹುಭಾಗವನ್ನು ಒಳಗೊಂಡ ನೆವಾಡದ ಪ್ಯಾರಡೈಸ್ ಒಂದು ಸಿಡಿಪಿ. 2020ರ ಗಣತಿಯಲ್ಲಿ ಅದರ ಜನಸಂಖ್ಯೆ 1,91,238. ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಹವಾಯಿಯಲ್ಲಿ ಪುರಸಭೆಗಳೇ ಇಲ್ಲದ ಕಾರಣ ಹೊನಲುಲು ಕೂಡ ಗಣತಿಯ ಪಟ್ಟಿಯಲ್ಲಿ ಸಿಡಿಪಿಯಾಗಿಯೇ ಕಾಣಿಸುತ್ತದೆ. ಬೆರಳೆಣಿಕೆಯ ಮನೆಗಳಿರುವ ಸಿಡಿಪಿಗಳಿಗೂ ಇದೇ ಪಟ್ಟಿಯಲ್ಲಿ ಸ್ಥಾನವಿದೆ.

ಊರಿಗೆ ಸಿಡಿಪಿ ಗೆರೆ ಇದ್ದರೆ ಸೇವೆ ಬಹಳ ಚೆನ್ನಾಗಿದೆ. ಹೆಸರು ಬರೆದು ಹುಡುಕಿದರೆ ಒಟ್ಟು ಜನಸಂಖ್ಯೆ, ವಯಸ್ಸು, ಮನೆಗಳ ಸಂಖ್ಯೆ, ಆದಾಯ ಇವೆಲ್ಲ ಕೋಷ್ಟಕಗಳಾಗಿ ತೆರೆದುಕೊಳ್ಳುತ್ತವೆ, ನಕ್ಷೆಯೂ ಜೊತೆಗಿರುತ್ತದೆ, ಖಾತೆ ತೆರೆಯುವ ಅಗತ್ಯವಿಲ್ಲ. ಭೂಪ್ರದೇಶ ಮತ್ತು ಜಲಪ್ರದೇಶದ ವಿಸ್ತೀರ್ಣ ಬೇಕಾದವರು ಇದೇ ಇಲಾಖೆಯ ಗೆಜೆಟಿಯರ್ ಕಡತಗಳನ್ನು ನೋಡುವುದು ಮೇಲು. ಸರಳ ಪಠ್ಯರೂಪದ ಆ ಕಡತಗಳು ಹಲವು ಬಣ್ಣದ ನಕ್ಷೆಗಳಿಗಿಂತ ಉಪಯುಕ್ತ. ಕ್ವಿಕ್‌ಫ್ಯಾಕ್ಟ್ಸ್ ಎಂಬ ಸುಲಭ ಪುಟ 5,000ಕ್ಕಿಂತ ಕಡಿಮೆ ಜನರಿರುವ ಊರುಗಳನ್ನು ಒಳಗೊಳ್ಳುವುದಿಲ್ಲವಾದ್ದರಿಂದ ನಮ್ಮ ವಿಷಯಕ್ಕೆ ಅದು ಹೆಚ್ಚು ನೆರವಾಗದು.

ತೊಡಕು ಶುರುವಾಗುವುದು ಗೆರೆಯಿಲ್ಲದ ಊರುಗಳಲ್ಲಿ, ಮತ್ತು ತೀರಾ ಸಣ್ಣ ಸಿಡಿಪಿಗಳಲ್ಲಿ. ಗೆರೆಯಿಲ್ಲದ ಊರಿಗೆ ಗಣತಿಯಲ್ಲಿ ಪ್ರತ್ಯೇಕ ಸಂಖ್ಯೆ ಇರಲು ಸಾಧ್ಯವೇ ಇಲ್ಲ. ಅಲ್ಲಿನ ಜನರನ್ನು ಎಣಿಸಿದ್ದಾರೆ, ಆದರೆ ಕೌಂಟಿ ಮತ್ತು ಅದರೊಳಗೆ ಗಣತಿಗಾಗಿ ಮಾಡಿಕೊಂಡ ಟ್ರ್ಯಾಕ್ಟ್, ಬ್ಲಾಕ್ ಎಂಬ ಸಣ್ಣ ವಿಭಾಗಗಳ ಮೊತ್ತದಲ್ಲಿ ಅವರು ಸೇರಿಹೋಗಿದ್ದಾರೆ. ಹುಡುಕಾಟದ ಪೆಟ್ಟಿಗೆ ಈ ವಿಷಯವನ್ನು ವಿವರಿಸದೆ ಅದೇ ಹೆಸರಿನ ಬೇರೆ ಊರನ್ನೋ ಅಂಚೆ ಸಂಖ್ಯೆಯ ಪ್ರದೇಶವನ್ನೋ ಮುಂದಿಟ್ಟರೆ, ಅನುಭವವಿಲ್ಲದ ಓದುಗರು ಅದನ್ನೇ ಉತ್ತರವೆಂದು ತೆಗೆದುಕೊಳ್ಳುವ ಅಪಾಯವಿದೆ. ಅಂಚೆ ಸಂಖ್ಯೆಯ ಪ್ರದೇಶ ಪತ್ರ ಹಂಚುವ ದಾರಿಗಳನ್ನು ಆಧರಿಸಿದ್ದು, ಒಂದು ಊರಿನ ಹೆಸರಿನಡಿ ಸುತ್ತಲಿನ ಹಲವು ಊರುಗಳ ಜನ ಅದರಲ್ಲಿ ಸೇರಿರುತ್ತಾರೆ.

ಹಾಗಿದ್ದರೆ ಬ್ಲಾಕ್‌ಗಳನ್ನು ಕೂಡಿಸಿ ಲೆಕ್ಕ ಹಾಕಬಹುದಲ್ಲವೇ? ಬ್ಲಾಕ್‌ಗಳು ತೀರಾ ಸಣ್ಣವು, 2020ರಲ್ಲಿ ದೇಶವನ್ನು 80 ಲಕ್ಷಕ್ಕೂ ಹೆಚ್ಚು ಬ್ಲಾಕ್‌ಗಳಾಗಿ ವಿಂಗಡಿಸಲಾಗಿತ್ತು; ಆದ್ದರಿಂದ ಹಿಂದಿನ ಗಣತಿಗಳ ಮಟ್ಟಿಗೆ ಇದು ಸಮಂಜಸವಾದ ಉಪಾಯ. ಆದರೆ 2020ರಿಂದ ಇಲಾಖೆ ವ್ಯಕ್ತಿಗಳ ಗೋಪ್ಯತೆಗಾಗಿ ಡಿಫರೆನ್ಷಿಯಲ್ ಪ್ರೈವಸಿ ಎಂಬ ವಿಧಾನವನ್ನು ಬಳಸುತ್ತಿದೆ: ರಾಜ್ಯದ ಒಟ್ಟು ಜನಸಂಖ್ಯೆಯನ್ನು ಇದ್ದಂತೆಯೇ ಪ್ರಕಟಿಸಿ, ಅದಕ್ಕಿಂತ ಸಣ್ಣ ಪ್ರದೇಶಗಳ ಜನಸಂಖ್ಯೆಯಲ್ಲಿ ಉದ್ದೇಶಪೂರ್ವಕವಾಗಿ ಸಣ್ಣ ಏರುಪೇರು ಮಾಡಲಾಗುತ್ತದೆ. ನೆಬ್ರಾಸ್ಕದ ಮೊನೊವೈ ಪುರಸಭೆಯಿರುವ ಊರು, ಅಲ್ಲಿ ವಾಸವಿದ್ದದ್ದು ಒಬ್ಬರೇ. 2020ರ ಗಣತಿ ಮಾತ್ರ ಇಬ್ಬರೆಂದು ತೋರಿಸಿತು. ಸಾವಿರ ಜನರ ಊರಿನಲ್ಲಿ ಗಮನಕ್ಕೇ ಬಾರದ ವ್ಯತ್ಯಾಸ ಇಲ್ಲಿ ಜನಸಂಖ್ಯೆಯನ್ನು ಇಮ್ಮಡಿಗೊಳಿಸಿದೆ. ಗೋಪ್ಯತೆಯ ಉದ್ದೇಶವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಏಕೆಂದರೆ ಹತ್ತು ಮನೆಗಳ ಊರಿನಲ್ಲಿ ವಯಸ್ಸು ಮತ್ತು ಜನಾಂಗದ ಕೋಷ್ಟಕವೊಂದೇ ವ್ಯಕ್ತಿಯನ್ನು ಗುರುತಿಸಲು ಸಾಕು. ಆದರೆ ಮನೆಗಳ ಸಂಖ್ಯೆಯಲ್ಲಿ ಏರುಪೇರು ಮಾಡಿಲ್ಲ, ಜನರ ಸಂಖ್ಯೆಯಲ್ಲಿ ಮಾಡಲಾಗಿದೆ ಎಂಬ ಸೂಚನೆ ಕೋಷ್ಟಕದ ಪಕ್ಕದಲ್ಲಿಯೇ, ಸಂಖ್ಯೆಯನ್ನು ಓದುವ ಕಣ್ಣಿಗೆ ಬೀಳುವಂತೆ ಇರಬೇಕು.

ವಾರ್ಷಿಕ ಬದಲಾವಣೆ ಬಯಸುವವರಿಗೆ ಇನ್ನೂ ಕಷ್ಟ. ಇಲಾಖೆ ಪ್ರತಿವರ್ಷ ಪ್ರಕಟಿಸುವ ಜನಸಂಖ್ಯಾ ಅಂದಾಜುಗಳಲ್ಲಿ ಪುರಸಭೆಯಿರುವ ಊರುಗಳಿವೆ, ಸಿಡಿಪಿಗಳಿಲ್ಲ. ಉಳಿಯುವುದು ಆಯ್ದ ಮನೆಗಳನ್ನಷ್ಟೇ ಕೇಳಿ ಇಲಾಖೆ ನಡೆಸುವ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸಮೀಕ್ಷೆ. ಅದರಲ್ಲೂ ಒಂದು ವರ್ಷದ ಅಂದಾಜು 65,000ಕ್ಕಿಂತ ಹೆಚ್ಚು ಜನರಿರುವಲ್ಲಿಗೆ ಮಾತ್ರ, ಸಣ್ಣ ಊರುಗಳಿಗೆ ಐದು ವರ್ಷಗಳ ಮಾದರಿಯನ್ನು ಒಟ್ಟುಗೂಡಿಸಿದ ಅಂದಾಜು. ಕೆಲವೇ ಮನೆಗಳಿಂದ ಬಂದ ಉತ್ತರಗಳ ಮೇಲೆ ನಿಂತ ಈ ಅಂದಾಜುಗಳಲ್ಲಿ ದೋಷದ ಮಿತಿ, ಅಂದರೆ ಸಂಖ್ಯೆ ಎಷ್ಟು ಹೆಚ್ಚು ಕಡಿಮೆ ಇರಬಹುದು ಎಂಬ ಅಳತೆ, ಕೆಲವೊಮ್ಮೆ ಅಂದಾಜನ್ನೇ ಮೀರುತ್ತದೆ. ತಾಣ ಈ ಮಿತಿಯನ್ನು ತಪ್ಪದೆ ಮುದ್ರಿಸುತ್ತದೆ, ಅದಕ್ಕಾಗಿ ಅಭಿನಂದನೆ ಸಲ್ಲಬೇಕು. ಅಂಕಿಯನ್ನು ಉಲ್ಲೇಖಿಸುವವರು ಮಿತಿಯನ್ನೂ ಜೊತೆಗೇ ಬರೆಯಬೇಕು. ಎರಡು ಗಣತಿಗಳನ್ನು ಹೋಲಿಸುವಾಗಲೂ ಎಚ್ಚರ ಅಗತ್ಯ: ಸಿಡಿಪಿ ಗೆರೆ ದಶಕದಿಂದ ದಶಕಕ್ಕೆ ಬದಲಾಗಬಹುದು, ಆಗ ಊರು ಬೆಳೆದಂತೆ ಕಂಡರೂ ಬೆಳೆದದ್ದು ಗೆರೆ ಮಾತ್ರವಾಗಿರಬಹುದು.

ಗೆರೆಯೇ ಇಲ್ಲದ ಊರಿನ ಹಳೆಯ ಜನಸಂಖ್ಯೆ ಬೇಕಾದವರಿಗೆ ಈ ಎರಡು ಸೇವೆಗಳ ಹೊರಗೆ ಒಂದು ದಾರಿ ತೆರೆದಿದೆ. ಗಣತಿಯ ಮೂಲ ಹಾಳೆಗಳು 72 ವರ್ಷಗಳ ನಂತರ ಸಾರ್ವಜನಿಕವಾಗುತ್ತವೆ. 1950ರ ಹಾಳೆಗಳನ್ನು ರಾಷ್ಟ್ರೀಯ ದಾಖಲೆಗಳ ಸಂಸ್ಥೆ 2022ರ ಏಪ್ರಿಲ್ 1ರಂದು ಉಚಿತವಾಗಿ ಬಿಡುಗಡೆ ಮಾಡಿತು. ಒಬ್ಬ ಎಣಿಕೆದಾರರಿಗೆ ವಹಿಸಿದ ವಿಭಾಗದ ನಕ್ಷೆಯನ್ನು ಮೊದಲು ಗುರುತಿಸಿಕೊಂಡು, ಜಿಎನ್‌ಐಎಸ್ ಕೊಡುವ ಬಿಂದುವನ್ನು ಅದರ ಮೇಲೆ ಇಟ್ಟು, ಮನೆ ಮನೆಯ ಹಾಳೆಗಳನ್ನು ಓದುತ್ತ ಹೋದರೆ ಆ ಕಾಲದ ಊರಿನ ಸಂಖ್ಯೆಯನ್ನು ಕೈಯಾರೆ ಕೂಡಿಸಬಹುದು. ಹಾಗೆ ಕೂಡಿಸಿದ ಸಂಖ್ಯೆಯನ್ನು ಪ್ರಕಟಿಸುವವರು ಯಾವ ರಸ್ತೆಯಿಂದ ಯಾವ ರಸ್ತೆಯವರೆಗೆ ಎಣಿಸಿದರು ಎಂಬುದನ್ನು ಅದರ ಪಕ್ಕದಲ್ಲಿಯೇ ಬರೆದಿಡಬೇಕು.